ವೃದ್ಧಾಶ್ರಮದ ಅಡಿಗೆಮನೆ

ಹಿರಿಯರು ತಮ್ಮ ಮುಪ್ಪನ್ನು ಸ್ವಗೃಹದಲ್ಲಿಯೇ ಕಳೆಯಬೇಕೆಂಬುದು ನಮ್ಮ ನಾಡಿನ ಬಹುಕಾಲದ ಆಶಯ. ಆದರೆ ಮಕ್ಕಳು ಉದ್ಯೋಗನಿಮಿತ್ತ ದೂರದೇಶಗಳಲ್ಲಿ ನೆಲಸುವುದರಿಂದಲೂ, ಹಗಲುಹೊತ್ತು ಮನೆಯಲ್ಲಿ ಆರೈಕೆಗೆ ಜನರಿಲ್ಲದಿರುವುದರಿಂದಲೂ, ಇಂದು ಅನೇಕ ವೃದ್ಧರು ವೃದ್ಧಾಶ್ರಮಗಳನ್ನು ಆಶ್ರಯಿಸಿರುತ್ತಾರೆ. ಇದು ಯುಕ್ತವೋ ಅಯುಕ್ತವೋ ಎಂಬ ಚರ್ಚೆಗೆ ನಾವು ಈ ತಿಂಗಳು ಕೈಹಾಕುವುದಿಲ್ಲ. ಹಾಗೆ ನಿಶ್ಚಯಿಸಿದ ಗೃಹಸ್ಥನು ಅಲ್ಲಿ ಮೊದಲು ಏನನ್ನು ನೋಡತಕ್ಕದ್ದು ಎಂಬುದಷ್ಟೇ ನಮ್ಮ ವಿಚಾರ. ಬಹುಮಂದಿ ಕೋಣೆಯನ್ನೂ ಹೂದೋಟವನ್ನೂ ದೇವರ ಮನೆಯನ್ನೂ ನೋಡಿ ತೃಪ್ತರಾಗಿ ಹಿಂದಿರುಗುತ್ತಾರೆ. ಅಡಿಗೆಮನೆಯ ಹೊಸ್ತಿಲನ್ನು ತುಳಿಯುವವರು ವಿರಳ. ಮೊದಲು ನೋಡಬೇಕಾದುದು ಅದನ್ನೇ ಎಂದು ನಮ್ಮ ಅಭಿಪ್ರಾಯ.

ಹಿರಿಯ ನಾಗರಿಕರ ಪಾಲನೆಯನ್ನು ಕುರಿತು ೨೦೦೭ನೆಯ ಇಸವಿಯಲ್ಲಿ ನಮ್ಮ ದೇಶದಲ್ಲಿ ಒಂದು ಕಾನೂನಾಯಿತು. ಅದರಲ್ಲಿ ಜೀವನಾಂಶವೆಂಬ ಮಾತಿಗೆ ಅರ್ಥ ಹೇಳುವಾಗ ಅನ್ನವನ್ನೇ ಮೊದಲಿಟ್ಟು, ಆಮೇಲೆ ವಸ್ತ್ರ, ವಸತಿ, ವೈದ್ಯೋಪಚಾರಗಳನ್ನು ಎಣಿಸಿದ್ದಾರೆ. ನಿರ್ಗತಿಕರಾದ ಕನಿಷ್ಠ ೧೫೦ ಮಂದಿ ವೃದ್ಧರಿಗೆ ಸ್ಥಳವಾಗುವಂತೆ ಜಿಲ್ಲೆಗೊಂದಾದರೂ ಆಶ್ರಮವನ್ನು ಸರ್ಕಾರವು ಹಂತಹಂತವಾಗಿ ಸ್ಥಾಪಿಸಬಹುದೆಂದೂ ಅದರಲ್ಲಿ ಹೇಳಿದೆ. ಕಾನೂನು ಸೂರನ್ನು ಕೊಡಿಸಬಲ್ಲುದು, ಅಕ್ಕಿಬೇಳೆಗಳನ್ನು ಅಳೆದು ಕೊಡಿಸಬಲ್ಲುದು; ಆದರೆ ಯಾರ ಎಲೆಗೆ ಏನನ್ನು ಬಡಿಸಬೇಕೆಂಬುದನ್ನು ಹೇಳಲಾರದು. ಮನೆಯಲ್ಲಾದರೋ, ಮಾವನವರಿಗೆ ಖಾರ ಸಲ್ಲದು, ಅತ್ತೆಯವರಿಗೆ ಹಲ್ಲಿಲ್ಲವಾದುದರಿಂದ ಅನ್ನವು ಮೆತ್ತಗಾಗಬೇಕು ಎಂಬುದೆಲ್ಲವೂ ಗೃಹಿಣಿಗೆ ಬಾಯಿಪಾಠವಾಗಿರುತ್ತದೆ. ಈ ತಿಳಿವಳಿಕೆಯನ್ನು ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಹಿರಿಯರು ಮನೆಯಿಂದ ಹೊರಟಾಗ ಬಟ್ಟೆಯ ಪೆಟ್ಟಿಗೆ ಜೊತೆಯಲ್ಲಿ ಹೋಗುತ್ತದೆ, ಈ ತಿಳಿವಳಿಕೆ ಹಿಂದೆಯೇ ಉಳಿಯುತ್ತದೆ. ಐವತ್ತು ಮಂದಿಗೆ ಒಂದೇ ಪಾತ್ರೆಯಲ್ಲಿ ಬೇಯಿಸುವ ಕಡೆ ಅದರ ಕೊರತೆಯು ಪ್ರಾಣಕ್ಕೇ ಮುಳುವಾಗಬಹುದು.

ಔಷಧಕ್ಕೂ ಊಟಕ್ಕೂ ಇರುವ ಸಂಬಂಧವನ್ನು ಮೊದಲು ನೋಡೋಣ. ಇನ್ಸುಲಿನ್ ಚುಚ್ಚಿಸಿಕೊಂಡ ಸಕ್ಕರೆ ಕಾಯಿಲೆಯವರಿಗೆ ಊಟವು ತಡವಾದರೆ ರಕ್ತದಲ್ಲಿ ಸಕ್ಕರೆಯು ವಿಪರೀತವಾಗಿ ಇಳಿದು, ಬೆವರು ನಡುಕಗಳುಂಟಾಗಿ ಪ್ರಜ್ಞೆ ತಪ್ಪಬಹುದು. ವೃದ್ಧರಲ್ಲಿ ಎಷ್ಟೋ ವೇಳೆ ಬರಿಯ ಮಂಕು ಮಾತ್ರ ಕಾಣುವುದರಿಂದ, ನೋಡಿದವರು ನಿದ್ರೆಯೆಂದು ಸುಮ್ಮನಾಗುತ್ತಾರೆ. ಥೈರಾಯಿಡ್ ಕೊರತೆಗೆ ಕೊಡುವ ಮಾತ್ರೆಯನ್ನು ಬರಿಯ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ನುಂಗಿಸಬೇಕು. ರಕ್ತವು ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಸೊಪ್ಪನ್ನು ಬಿಡಬೇಕಾಗಿಲ್ಲ. ಆದರೆ ಅದರ ಪ್ರಮಾಣವು ದಿನದಿನಕ್ಕೂ ಒಂದೇ ಸಮನಾಗಿರಬೇಕು. ಇನ್ನು ಎಳನೀರು ಎಲ್ಲರಿಗೂ ಅಮೃತವೆಂದು ನಾವು ನಂಬಿದ್ದೇವೆ. ಅದರಲ್ಲಿ ಪೊಟ್ಯಾಸಿಯಂ ಅಧಿಕವಾಗಿರುವುದರಿಂದ, ಮೂತ್ರಪಿಂಡವು ದುರ್ಬಲವಾಗಿರುವವರ ಹೃದಯಕ್ಕೆ ಅದೇ ಅಪಾಯವನ್ನು ತರಬಹುದು. ಅಂಗಡಿಗಳಲ್ಲಿ ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು.

ಎರಡನೆಯದು ನುಂಗುವ ತೊಂದರೆ. ಪಾರ್ಶ್ವವಾಯು, ಕಂಪವಾತ, ಮರೆವಿನ ಕಾಯಿಲೆ ಇವುಗಳಿಂದ ಬಳಲುವವರಲ್ಲಿ ಆಹಾರವು ಅನ್ನನಾಳಕ್ಕೆ ಬದಲಾಗಿ ಶ್ವಾಸನಾಳಕ್ಕೆ ಇಳಿಯುವುದುಂಟು. ಅದರಿಂದ ಉಸಿರುಕಟ್ಟಬಹುದು, ಇಲ್ಲವೆ ಶ್ವಾಸಕೋಶಕ್ಕೆ ಉರಿಯೂತ ಬರಬಹುದು. ಇಂಥವರಿಗೆ ತಿಳಿನೀರೇ ಗಟ್ಟಿ ಆಹಾರಕ್ಕಿಂತ ಕಷ್ಟವಾಗುವುದು ಅಪರೂಪವಲ್ಲ. ಆದುದರಿಂದಲೇ ಆಹಾರ ಪಾನೀಯಗಳ ಹದವನ್ನು ೦ಯಿಂದ ೭ರವರೆಗೆ ೮ ಮೆಟ್ಟಿಲುಗಳಾಗಿ ವಿಂಗಡಿಸಿದ ಕ್ರಮವೊಂದು ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ನಮ್ಮ ಮುದ್ದೆಯನ್ನೇ ನೋಡಿರಿ. ಅದನ್ನು ಅಗಿಯದೆ ನುಂಗುವುದು ವಾಡಿಕೆ. ಗಟ್ಟಿಮುಟ್ಟಾದವರಿಗೆ ಸುಖವಾದ ಈ ತುತ್ತು ಗಂಟಲು ಸೋತವರಿಗೆ ಅಪಾಯಕರ. ಇಂಥ ರೋಗಿಯನ್ನು ನೆಟ್ಟಗೆ ಕುಳ್ಳಿರಿಸಿ, ಚಿಕ್ಕ ತುತ್ತುಗಳನ್ನಿತ್ತು, ಊಟವಾದ ಮೇಲೂ ಅರ್ಧ ಗಂಟೆ ಮಲಗಿಸದಿರಬೇಕು. ಉಣಿಸುವವರಿಗೆ ಆತುರವೇ ದೊಡ್ಡ ಶತ್ರು.

ಮೂರನೆಯದು ಸದ್ದಿಲ್ಲದೆ ಬರುವ ಕೃಶತೆ. ಮುಪ್ಪಿನಲ್ಲಿ ಬಾಯಾರಿಕೆಯ ಅರಿವು ಕುಂದುತ್ತದೆ, ನಾಲಗೆ ಮೂಗುಗಳು ಮಂದವಾಗುತ್ತವೆ. ಕೇಳಿದಾಗ ಮಾತ್ರ ನೀರು ಕೊಡುವುದಾದರೆ ಅನೇಕರು ದಿನವೆಲ್ಲ ಕೇಳುವುದೇ ಇಲ್ಲ. ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ ದಿನವೊಂದಕ್ಕೆ ಸುಮಾರು ೧ ಗ್ರಾಂ ಪ್ರೋಟೀನಾದರೂ ಅವಶ್ಯ. ಮೂತ್ರಪಿಂಡದ ರೋಗಿಗಳು ಮಾತ್ರ ಈ ವಿಷಯದಲ್ಲಿ ವೈದ್ಯರ ಮಾತಿನಂತೆ ನಡೆಯತಕ್ಕದ್ದು. ಬರಿಯ ಅನ್ನ ತಿಳಿಸಾರುಗಳಲ್ಲಿ ಇದು ದೊರೆಯಲಾರದು. ಬೇಳೆ, ಮೊಸರು, ಹಾಲು, ಒಗ್ಗುವವರಿಗೆ ಮೊಟ್ಟೆ ಮೀನುಗಳು ಬೇಕು. ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿರುವುದರಿಂದ, ಹಾಲು ಬೆರೆಸಿದ ರಾಗಿಯ ಗಂಜಿ ಮೂಳೆಗಳಿಗೆ ಒಳ್ಳೆಯದು. ತಿಂಗಳಿಗೊಮ್ಮೆ ಎಲ್ಲರನ್ನೂ ತೂಗಿ ಬರೆದಿಡುವುದು ಉತ್ತಮ ಆಶ್ರಮದ ಲಕ್ಷಣ. ೬೦ ಕಿಲೋಗ್ರಾಂ ತೂಗುತ್ತಿದ್ದವರು ಪ್ರಯತ್ನವಿಲ್ಲದೆ ಒಂದು ತಿಂಗಳಲ್ಲಿ ೩ ಕಿಲೋಗ್ರಾಂ, ಅಥವಾ ಆರು ತಿಂಗಳಲ್ಲಿ ೬ ಕಿಲೋಗ್ರಾಂ ಇಳಿದರೆ, ಮುಪ್ಪಿನ ಸಹಜವೆಂದು ಬಿಡದೆ ವೈದ್ಯರಿಗೆ ತೋರಿಸತಕ್ಕದ್ದು.

ಊಟದ ವೇಳೆಯೂ ಗಮನಾರ್ಹವಾದುದು. ಅಡಿಗೆಯವರು ಬೇಗ ಮನೆಗೆ ಹೋಗಲೆಂದು ಸಂಜೆ ಆರು ಗಂಟೆಗೇ ಬಡಿಸಿ, ಮರುದಿನ ಎಂಟೂವರೆಗೆ ತಿಂಡಿ ಕೊಟ್ಟರೆ, ನಡುವೆ ೧೪ ಗಂಟೆಗಳನ್ನು ಮೀರಿದ ಉಪವಾಸವಾಯಿತು. ಅಮೆರಿಕಾ ದೇಶದಲ್ಲಿ ಸರ್ಕಾರದ ಹಣ ಪಡೆಯುವ ಶುಶ್ರೂಷಾಗೃಹಗಳು ರಾತ್ರಿಯ ಊಟಕ್ಕೂ ಬೆಳಗಿನ ತಿಂಡಿಗೂ ಸಾಮಾನ್ಯವಾಗಿ ೧೪ ಗಂಟೆಗಿಂತ ಹೆಚ್ಚು ಅಂತರವಿಡಬಾರದೆಂಬ ನಿಯಮವಿದೆ. ಅಂತಹ ನಿಯಮಕ್ಕೆ ಕಾಯದೆ, ಮಲಗುವ ಮುನ್ನ ಒಂದು ಲೋಟ ಹಾಲನ್ನೋ ಅವರವರಿಗೆ ಒಗ್ಗುವ ಬೇರೊಂದು ಲಘು ಆಹಾರವನ್ನೋ ಕೊಡುವುದು ನಮ್ಮ ಆಶ್ರಮಗಳಿಗೆ ಅಸಾಧ್ಯವೇ?

ಆಚಾರಗಳನ್ನೂ ಕಡೆಗಣಿಸಲಾಗದು. ಏಕಾದಶಿಯ ಉಪವಾಸ, ಸೂರ್ಯಾಸ್ತಕ್ಕೆ ಮುಂಚೆಯೇ ಉಣ್ಣುವ ಜೈನರ ನಿಯಮ, ರಂಜಾನಿನ ರೋಜಾ, ಈರುಳ್ಳಿ ಬೆಳ್ಳುಳ್ಳಿಗಳ ವರ್ಜನೆ ಇವು ಹಿರಿಯರಿಗೆ ಜೀವಕ್ಕೆ ಸಮಾನ. ಇವನ್ನು ಮುಂಚಿತವಾಗಿ ವೈದ್ಯರಿಗೆ ತಿಳಿಸಿದರೆ ಔಷಧದ ವೇಳೆಯನ್ನು ಹೊಂದಿಸಬಹುದು. ತಿಳಿಸದಿದ್ದರೆ ವ್ರತವು ಗುಟ್ಟಾಗಿ ನಡೆದು ಅನರ್ಥವಾಗುತ್ತದೆ. ಹಾಗೆಯೇ ಪಥ್ಯವೂ ಅತಿಯಾಗಬಾರದು. ಉಪ್ಪು, ಸಿಹಿ, ಹುಳಿ, ಎಣ್ಣೆಗಳೆಲ್ಲವನ್ನೂ ಒಮ್ಮೆಗೇ ತೆಗೆದುಹಾಕಿದ ತಟ್ಟೆಯನ್ನು ಮುದುಕರು ಹಾಗೆಯೇ ಹಿಂದಿರುಗಿಸುತ್ತಾರೆ. ಹೊಟ್ಟೆಗೆ ಹೋಗದ ಪಥ್ಯದಿಂದ ಯಾರಿಗೆ ಪ್ರಯೋಜನ? ಯಾವುದನ್ನು ಸಡಿಲಿಸಬಹುದೆಂದು ವೈದ್ಯರನ್ನೇ ಕೇಳುವುದು ಲೇಸು.

ಆದುದರಿಂದ ನಮ್ಮ ವಾಚಕರಲ್ಲಿ ನಮ್ಮ ವಿನಂತಿಯಿಷ್ಟು. ಹಿರಿಯರನ್ನು ಆಶ್ರಮಕ್ಕೆ ಕಳುಹಿಸುವ ಮುನ್ನ ಒಂದು ಹಾಳೆಯಲ್ಲಿ ಅವರ ರೋಗಗಳು, ಔಷಧಗಳು ಮತ್ತು ಅವುಗಳ ವೇಳೆ, ಒಗ್ಗದ ವಸ್ತುಗಳು, ಹಲ್ಲು ಗಂಟಲುಗಳ ಸ್ಥಿತಿ, ಈಗಿನ ತೂಕ, ವ್ರತನಿಯಮಗಳು, ಪ್ರಿಯವಾದ ಎರಡು ಮೂರು ತಿನಿಸುಗಳು ಇವನ್ನು ಬರೆಯಿರಿ. ಅದರ ಒಂದು ಪ್ರತಿ ಮೇಲ್ವಿಚಾರಕರಿಗೆ, ಒಂದು ಅಡಿಗೆಯವರಿಗೆ ಸೇರಲಿ. ವೈದ್ಯರು ಔಷಧವನ್ನು ಬದಲಿಸಿದಾಗಲೆಲ್ಲ ಹಾಳೆಯೂ ಬದಲಾಗಲಿ. ನೋಡಲು ಹೋಗುವಾಗ ಊಟದ ಹೊತ್ತಿಗೇ ಹೋಗಿ, ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣಿರಿ. ಎಲೆಯಲ್ಲಿ ಏನು ಉಳಿಯಿತೆಂಬುದನ್ನೂ ನೋಡಿರಿ. ದೂರದಲ್ಲಿರುವವರು ಟೆಲಿಫೋನಿನಲ್ಲಿ ಕೇಳುವ ಮಾತು ಸಾಮಾನ್ಯವಾಗಿ “ಊಟವಾಯಿತೇ?” ಎಂಬುದು. ಅದಕ್ಕೆ ಹಿರಿಯರು ಆಯಿತೆಂದೇ ಹೇಳುತ್ತಾರೆ, ಮಕ್ಕಳಿಗೆ ಚಿಂತೆಯನ್ನು ಕೊಡಲು ಅವರಿಗೆ ಮನಸ್ಸಿಲ್ಲ. “ಏನು ಉಂಡಿರಿ? ಎಷ್ಟು ಉಂಡಿರಿ?” ಎಂದು ಕೇಳಿರಿ.