ಲ್ಯಾಪ್‌ಟಾಪ್‌ನಲ್ಲಿದ್ದ ಅಂದ ಸರ್ವರ್‌ನಲ್ಲಿ ಎಲ್ಲಿ ಹೋಯ್ತು?

ಲ್ಯಾಪ್‌ಟಾಪ್‌ನಲ್ಲಿ ಸೈಟ್ ಮದುವೆಮನೆ ಹಾಗೆ ಝಗಮಗ. ಸರ್ವರ್‌ಗೆ ಏರಿಸಿ ಡಿಬಗ್ ಆಫ್ ಮಾಡಿದ್ದೇ ತಡ, ಬಣ್ಣ ಇಲ್ಲ, ಲೋಗೋ ಇಲ್ಲ, ಬರೀ ಕಪ್ಪು ಅಕ್ಷರ, ನೀಲಿ ಲಿಂಕು. ಬ್ರೌಸರ್ ಒಳಗೆ ಇಣುಕಿದರೆ ಸಾಲುಸಾಲು 404. ಜಾಂಗೋ ಕಲಿಯುವವರಿಗೆ ಇದು ಪರಿಚಿತ ದೃಶ್ಯ. ಗಾಬರಿಯಲ್ಲಿ ಕೆಲವರು ಡಿಬಗ್ ಮತ್ತೆ ಆನ್ ಮಾಡಿಬಿಡ್ತಾರೆ. ಸೈಟ್ ಚೆಂದ ಕಾಣುತ್ತೆ, ಅಪಾಯವೂ ಅಲ್ಲಿಂದಲೇ ಶುರು.

ಯಾಕೆ ಹೀಗಾಗುತ್ತೆ? ಪೈಥಾನ್ ಆ್ಯಪ್ ಕಳಿಸುವುದರಲ್ಲಿ ಎರಡು ಬಗೆ. ಲಾಗಿನ್ ಆದವರ ಆರ್ಡರ್ ಪಟ್ಟಿಯಂಥ ಪುಟವನ್ನು ಪ್ರತಿ ಸಲ ಹೊಸದಾಗಿ ತಯಾರಿಸಬೇಕು. ಸಿಎಸ್‌ಎಸ್, ಲೋಗೋ, ‘ನಮ್ಮ ಬಗ್ಗೆ’ ಪುಟ ಹಾಗಲ್ಲ, ಎಲ್ಲರಿಗೂ ಒಂದೇ. ಇವೇ ಸ್ಟ್ಯಾಟಿಕ್ ಫೈಲುಗಳು. ದೋಸೆ ಹುಯ್ಯುವ ಭಟ್ಟರೇ ಟೇಬಲ್ ಟೇಬಲ್‌ಗೂ ನೀರು ಇಡುತ್ತಾ ಹೋದರೆ ಕಾವಲಿ ಮೇಲಿನ ದೋಸೆ ಗತಿ ಏನು? ಗುನಿಕಾರ್ನ್‌ನ ಮಾಮೂಲಿ ವರ್ಕರ್ ಒಂದು ಹೊತ್ತಿಗೆ ಒಂದೇ ರಿಕ್ವೆಸ್ಟ್ ನೋಡಿಕೊಳ್ಳುತ್ತೆ. ಒಂದು ಪುಟದಲ್ಲಿ 20 ಚಿತ್ರ ಇದ್ದರೆ, ಅಷ್ಟನ್ನೂ ಅದೇ ಹೊತ್ತರೆ, ದುಡ್ಡು ಕಟ್ಟಲು ಬಂದ ಗ್ರಾಹಕ ಕಾಯಬೇಕಾಗುತ್ತೆ.

ಅದಕ್ಕೇ ಜಾಂಗೋದ ರನ್‌ಸರ್ವರ್, ನೀವು ಕೋಡ್ ಬರೆಯುವಾಗ ಮಾತ್ರ ಈ ಫೈಲುಗಳನ್ನು ಕೊಟ್ಟು ಸಹಾಯ ಮಾಡುತ್ತೆ. ಡಿಬಗ್ ಆಫ್ ಆದ ಕೂಡಲೇ ನಿಲ್ಲಿಸುತ್ತೆ. ಇದು ದೋಷ ಅಲ್ಲ, ಬೇಕೆಂದೇ ಮಾಡಿದ್ದು. ಡಿಬಗ್ ಆನ್ ಇಟ್ಟರೆ ಒಂದು ಎರರ್ ಬಂದರೂ ಸಾಕು, ನಿಮ್ಮ ಕೋಡಿನ ತುಣುಕು, ಫೋಲ್ಡರುಗಳ ದಾರಿ, ಸೆಟ್ಟಿಂಗ್ ವಿವರ ದಾರಿಹೋಕರಿಗೂ ಕಾಣುತ್ತೆ.

ಸರಿಯಾದ ದಾರಿ ಇಷ್ಟೇ:

• ಸೆಟ್ಟಿಂಗ್ಸ್‌ನಲ್ಲಿ ಸ್ಟ್ಯಾಟಿಕ್ ರೂಟ್ ಅಂತ ಒಂದು ಫೋಲ್ಡರ್ ಹೇಳಿ. ಕಲೆಕ್ಟ್‌ಸ್ಟ್ಯಾಟಿಕ್ ಕಮಾಂಡ್ ಕೊಟ್ಟರೆ ಚದುರಿದ ಫೈಲೆಲ್ಲ ಅಲ್ಲಿಗೆ ಸೇರುತ್ತೆ.

• ಆ ಫೋಲ್ಡರನ್ನು ಎಂಜಿನ್‌ಎಕ್ಸ್‌ಗೆ ವಹಿಸಿ. ಫೈಲ್ ಹಂಚುವ ಕೆಲಸದಲ್ಲಿ ಅದು ಪಳಗಿದ ಕೈ.

• ಎಂಜಿನ್‌ಎಕ್ಸ್ ಹೊಂದಿಸುವ ಅವಕಾಶ ಇಲ್ವಾ? ವೈಟ್‌ನಾಯ್ಸ್ ಹಾಕಿಕೊಳ್ಳಿ. ಪೈಥಾನ್ ಒಳಗೇ ಕೆಲಸ ಮಾಡಿದರೂ ಕ್ಯಾಶಿಂಗ್, ಕಂಪ್ರೆಶನ್ ಚೆನ್ನಾಗಿ ನೋಡಿಕೊಳ್ಳುತ್ತೆ. ಮಿಡಲ್‌ವೇರ್ ಪಟ್ಟಿಯಲ್ಲಿ ಸೆಕ್ಯುರಿಟಿ ಮಿಡಲ್‌ವೇರ್ ಆದ ತಕ್ಷಣ ಅದಕ್ಕೆ ಜಾಗ. ಬಳಕೆದಾರರು ಅಪ್‌ಲೋಡ್ ಮಾಡುವ ಫೋಟೋಗಳಿಗೆ ಮಾತ್ರ ಇದು ಆಗಲ್ಲ, ಬೇರೆ ವ್ಯವಸ್ಥೆ ಬೇಕು.

• ಮ್ಯಾನಿಫೆಸ್ಟ್ ಸ್ಟೋರೇಜ್ ಬಳಸಿ. ಫೈಲ್ ಬದಲಾದರೆ ಅದರ ಹೆಸರೂ ಬದಲಾಗುತ್ತೆ. ಹಾಗಾಗಿ ಫೋನ್ ಅದನ್ನು ದೀರ್ಘಕಾಲ ಉಳಿಸಿಕೊಂಡರೂ ಹಳೇ ಡಿಸೈನ್ ಕಾಣುವ ತಲೆನೋವಿಲ್ಲ. ಓದುಗರ ಡೇಟಾವೂ ಉಳಿತಾಯ.

ಫ್ಲಾಸ್ಕ್ ಬಳಸುವವರಿಗೆ ಸ್ಟ್ಯಾಟಿಕ್ ಹೆಸರಿನ ಫೋಲ್ಡರ್ ತಾನಾಗೇ ಕೆಲಸ ಮಾಡುತ್ತೆ. ಲಿಂಕನ್ನು ಕೈಯಲ್ಲಿ ಬರೆಯದೆ ಯುಆರ್‌ಎಲ್‌-ಫಾರ್ ಬಳಸಿ. ಬೇರೆ ಫೋಲ್ಡರಿನ ಎಚ್‌ಟಿಎಂಎಲ್ ಪುಟ ಕೊಡಬೇಕಾದರೆ, ವಿಳಾಸದಲ್ಲಿ ಬಂದ ಹೆಸರನ್ನು ನೇರ ಓಪನ್‌ಗೆ ಕೊಡಬೇಡಿ. ಯಾರಾದರೂ ಎರಡು ಚುಕ್ಕಿ, ಒಂದು ಸ್ಲ್ಯಾಶ್ ಸೇರಿಸಿ ಮೇಲಿನ ಫೋಲ್ಡರಿಗೆ ಹತ್ತಿ ನಿಮ್ಮ ಪಾಸ್‌ವರ್ಡ್ ಫೈಲ್ ಓದಬಹುದು. ಸೆಂಡ್-ಫ್ರಮ್-ಡೈರೆಕ್ಟರಿ ಆ ಬಾಗಿಲು ಮುಚ್ಚುತ್ತೆ. ಇಡೀ ಪ್ರಾಜೆಕ್ಟ್ ಫೋಲ್ಡರನ್ನೇ ಸ್ಟ್ಯಾಟಿಕ್ ಮಾಡುವುದಂತೂ ಮನೆ ಬೀಗದ ಕೈ ಹೊಸ್ತಿಲ ಮೇಲಿಟ್ಟ ಹಾಗೆ.

ಕೊನೆಗೊಂದು ಪ್ರಶ್ನೆ: ನಿಮ್ಮ ಸೈಟ್‌ನಲ್ಲಿ ಲಾಗಿನ್, ಫಾರ್ಮ್ ಏನಾದರೂ ಇದೆಯಾ? ಬರೀ ಪೋರ್ಟ್‌ಫೋಲಿಯೊ ಅಥವಾ ಗೃಹಪ್ರವೇಶದ ಆಮಂತ್ರಣವಾದರೆ ಪೈಥಾನ್ ಸರ್ವರೇ ಬೇಡ. ಗಿಟ್‌ಹಬ್ ಪೇಜಸ್‌ನಲ್ಲಿ ಪುಕ್ಕಟೆಯಾಗಿ ಇಡಬಹುದು. ಫ್ಲಾಸ್ಕ್‌ನಲ್ಲಿ ಈಗಾಗಲೇ ಬರೆದಿದ್ದರೆ ಫ್ರೋಜನ್-ಫ್ಲಾಸ್ಕ್ ಅದನ್ನು ಸಿದ್ಧ ಎಚ್‌ಟಿಎಂಎಲ್ ಪುಟಗಳಾಗಿ ತೆಗೆದುಕೊಡುತ್ತೆ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ನಿಮ್ಮ ಲೈವ್ ಸೈಟ್‌ನಲ್ಲಿ ಇಲ್ಲದ ಪುಟವೊಂದರ ವಿಳಾಸ ಟೈಪ್ ಮಾಡಿ. ಹಳದಿ ಪಟ್ಟಿಯ ಜಾಂಗೋ ವಿವರಗಳು ಕಂಡರೆ, ಮೊದಲು ಡಿಬಗ್ ಆಫ್ ಮಾಡಿ. ಅಂದ ಆಮೇಲೆ.