ಎರವಲು ಪುರಾವೆಯ ಎಣ್ಣೆ

ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಗಾಜಿನ ಸೀಸೆ. ಮುಚ್ಚಳಕ್ಕೇ ಅಂಟಿಕೊಂಡ ಡ್ರಾಪರ್, ಮೈಮೇಲೆ ಗಾಂಜಾ ಎಲೆಯ ಹಸಿರು ಚಿತ್ರ, ಅದರ ಕೆಳಗೆ ‘30 ಎಂಎಲ್, 1000 ಮಿಲಿಗ್ರಾಂ ಸಿಬಿಡಿ’ ಎಂಬ ಬರಹ. ಸಿಬಿಡಿ ಎಂದರೆ ಗಾಂಜಾ ಗಿಡದಲ್ಲಿರುವ, ಅಮಲು ಬರಿಸದ ಅಂಶ. ಅಮೆರಿಕ, ಬ್ರಿಟನ್‌ಗಳಲ್ಲಿ ಇಂಥ ಸೀಸೆಗಳು ವಿಟಮಿನ್ ಮಾತ್ರೆಗಳ ಪಕ್ಕದಲ್ಲೇ ಮಾರಾಟಕ್ಕೆ ಕೂತಿರುತ್ತವೆ. ನಿದ್ದೆಗೆ, ಕೀಲುನೋವಿಗೆ, ಆತಂಕಕ್ಕೆ ಎಂದು ಶುರುವಾದ ಈ ಎಣ್ಣೆಯ ಗುಣಗಾನ ಈಗ ಟುರೆಟ್ ಸಿಂಡ್ರೋಮ್‌ವರೆಗೂ ಬಂದು ನಿಂತಿದೆ. ಮಗುವಿನ ಕತ್ತು, ಕಣ್ಣು, ಭುಜ ತಮ್ಮಷ್ಟಕ್ಕೆ ತಾವೇ ಕುಣಿಯುವುದನ್ನು ದಿನವೂ ನೋಡುತ್ತ ಕಂಗಾಲಾದ ತಂದೆತಾಯಿಗಳಿಗೆ ‘ಇದು ಗಿಡದಿಂದ ಬಂದದ್ದು, ಅಮಲಿಲ್ಲ, ಅಪಾಯವಿಲ್ಲ’ ಎಂಬ ಮಾತು ಎಷ್ಟು ಹಿತವಾಗಿ ಕೇಳಿಸುತ್ತದೆ ಎಂಬುದು ಯಾರಿಗಾದರೂ ಅರ್ಥವಾಗುವಂಥದ್ದು. ಆದರೆ ಆ ಹಿತವಾದ ಮಾತಿನ ಹಿಂದೆ ಟುರೆಟ್ ಇರುವ ಮಕ್ಕಳ ಮೇಲೆ ಸಿಬಿಡಿ ಎಣ್ಣೆಯನ್ನೇ ಪರೀಕ್ಷಿಸಿ ಪಡೆದ ಭರವಸೆಯ ಫಲಿತಾಂಶ ಇಲ್ಲ. ಆಧಾರವೆಂದು ಮುಂದಿಡುವುದೆಲ್ಲ ಬೇರೆ ವಸ್ತುವಿನದು, ಬೇರೆ ಕಾಯಿಲೆಯದು, ಬೇರೆ ವಯಸ್ಸಿನವರದು. ಹೀಗೆ ಎರವಲು ತಂದ ಪುರಾವೆಯ ಮೇಲೆ ಮಕ್ಕಳ ಬಾಯಿಗೆ ಔಷಧ ಹಾಕಿಸುವುದು ತಪ್ಪು.

ಮೊದಲು ಕಾಯಿಲೆಯ ಸ್ವಭಾವ ನೋಡಬೇಕು, ಏಕೆಂದರೆ ಈ ವಿವಾದದ ಅರ್ಧ ಗೊಂದಲ ಅಲ್ಲೇ ಇದೆ. ಟುರೆಟ್ ಎಂದರೆ ಬಾಯಿಗೆ ಬಂದಂತೆ ಬೈಯುವ ಕಾಯಿಲೆ ಎಂದು ತಿಳಿದವರು ಬಹಳ. ಅಶ್ಲೀಲ ಮಾತು ತಡೆಯಲಾಗದೆ ಹೊರಬೀಳುವುದು ಹತ್ತರಲ್ಲಿ ಒಬ್ಬರಿಗೋ ಇಬ್ಬರಿಗೋ ಮಾತ್ರ. ಉಳಿದವರಲ್ಲಿ ಕಾಣುವುದು ಕಣ್ಣು ಪಟಪಟ ಮಿಟುಕಿಸುವುದು, ಕತ್ತು ಕೊಡವುವುದು, ಭುಜ ಎಗರಿಸುವುದು, ಮೂಗು ಸೊರಸೊರ ಎನಿಸುವುದು, ಗಂಟಲಿನಿಂದ ಪದೇ ಪದೇ ಒಂದೇ ಸದ್ದು ಬರುವುದು. ಇವೇ ಟಿಕ್‌ಗಳು. ಪ್ಯಾರಿಸ್ಸಿನ ವೈದ್ಯ ಜಾರ್ಜ್ ಜಿಲ್ ದ ಲಾ ಟುರೆಟ್ 1885ರಲ್ಲಿ ಒಂಬತ್ತು ರೋಗಿಗಳಲ್ಲಿ ಇವನ್ನು ಗುರುತಿಸಿ ಬರೆದ. ಸಾಮಾನ್ಯವಾಗಿ ಐದರಿಂದ ಏಳನೆಯ ವಯಸ್ಸಿನಲ್ಲಿ ಶುರುವಾಗಿ, ಹತ್ತು–ಹನ್ನೆರಡರ ಹೊತ್ತಿಗೆ ತೀರಾ ಜೋರಾಗಿ, ಹದಿಹರೆಯ ಕಳೆಯುವಾಗ ಅನೇಕರಲ್ಲಿ ತಗ್ಗುತ್ತದೆ. ಅಷ್ಟರೊಳಗೂ ಅದು ಒಂದೇ ಸಮನಾಗಿ ಇರುವುದಿಲ್ಲ; ಕೆಲವು ವಾರ ಏರುತ್ತದೆ, ಕೆಲವು ವಾರ ಇಳಿಯುತ್ತದೆ, ಒಂದು ಟಿಕ್ ಹೋಗಿ ಇನ್ನೊಂದು ಬರುತ್ತದೆ. ಮನೆಯವರು ಹೊಸ ಮದ್ದು ಹುಡುಕಿಕೊಂಡು ಹೊರಡುವುದು ಕಾಯಿಲೆ ತುತ್ತತುದಿಯಲ್ಲಿರುವಾಗ. ಅಲ್ಲಿಂದ ಅದು ಹೇಗೂ ಇಳಿಯಬೇಕು. ಆ ಇಳಿತದ ಶ್ರೇಯಸ್ಸು ಆ ಹೊತ್ತಿಗೆ ಯಾವ ಸೀಸೆ ಮನೆಯಲ್ಲಿತ್ತೋ ಅದಕ್ಕೆ ಹೋಗುತ್ತದೆ. ‘ನಮ್ಮ ಹುಡುಗನಿಗೆ ಎರಡೇ ವಾರದಲ್ಲಿ ಗುಣ ಕಾಣಿಸಿತು’ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರು ಕಂಡದ್ದು ನಿಜ. ಕಂಡದ್ದಕ್ಕೆ ಕಾರಣ ಎಣ್ಣೆಯೇ ಎಂಬುದನ್ನು ಮಾತ್ರ ಅವರ ಅನುಭವದಿಂದ ತಿಳಿಯಲು ಸಾಧ್ಯವಿಲ್ಲ. ಇಂಥ ಕಾಯಿಲೆಯಲ್ಲಿ ಕೆಲವರಿಗೆ ಔಷಧ, ಕೆಲವರಿಗೆ ಔಷಧದಂತೆಯೇ ಕಾಣುವ ಹುಸಿಮದ್ದು ಕೊಟ್ಟು, ಯಾರಿಗೆ ಯಾವುದು ಎಂದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಹೋಲಿಸಿ ನೋಡುವ ಪರೀಕ್ಷೆ ಬಿಟ್ಟರೆ ನಂಬಬಹುದಾದ ದಾರಿ ಬೇರೆ ಇಲ್ಲ.

ಅಂಥ ಪರೀಕ್ಷೆಗಳು ನಡೆದಿವೆ. ಜರ್ಮನಿಯ ಹ್ಯಾನೋವರ್‌ನಲ್ಲಿ ಕಿರ್ಸ್ಟನ್ ಮ್ಯುಲರ್-ವಾಲ್ ಅವರ ತಂಡ 2002 ಮತ್ತು 2003ರಲ್ಲಿ ಪ್ರಕಟಿಸಿದ ಎರಡು ಸಣ್ಣ ಅಧ್ಯಯನಗಳು ಟಿಕ್ ತಗ್ಗಬಹುದೆಂಬ ಆಸೆ ಹುಟ್ಟಿಸಿದವು. ಆದರೆ ಅಲ್ಲಿ ಕೊಟ್ಟದ್ದು ಟಿಎಚ್‌ಸಿ. ಗಾಂಜಾದಲ್ಲಿ ಅಮಲು ಬರಿಸುವುದು ಇದೇ ಅಂಶ. ‘ನಮ್ಮಲ್ಲಿ ಇಲ್ಲ’ ಎಂದು ಸಿಬಿಡಿ ಎಣ್ಣೆಯವರು ಎದೆ ತಟ್ಟಿಕೊಳ್ಳುವುದೂ ಇದರ ಬಗ್ಗೆಯೇ. ಆಸ್ಟ್ರೇಲಿಯಾದಲ್ಲಿ 22 ವಯಸ್ಕರ ಮೇಲೆ ನಡೆದು 2023ರಲ್ಲಿ ಹೊರಬಂದ ಪರೀಕ್ಷೆ ಈ ವಿಷಯದಲ್ಲಿ ಅತ್ಯಂತ ಭರವಸೆಯದು: ಟಿಕ್‌ಗಳ ತೀವ್ರತೆ ಅಳೆಯುವ ಅಂಕದಲ್ಲಿ ಔಷಧ ಪಡೆದಾಗ ಸರಾಸರಿ 8.9ರ ಇಳಿಕೆ, ಹುಸಿಮದ್ದಿನಲ್ಲಿ 2.5ರ ಇಳಿಕೆ. ಅಲ್ಲಿ ಬಳಸಿದ್ದು ಟಿಎಚ್‌ಸಿ ಮತ್ತು ಸಿಬಿಡಿ ಸಮಪ್ರಮಾಣದಲ್ಲಿ ಬೆರೆತ ಎಣ್ಣೆ. ಜೊತೆಗೆ ಯೋಚನೆ ಮಂದವಾಗುವುದು, ಮರೆವು, ಏಕಾಗ್ರತೆ ತಪ್ಪುವುದು ಕಂಡುಬಂದವು. ಅದೇ ವರ್ಷ ಪ್ರಕಟವಾದ ಜರ್ಮನಿಯ ದೊಡ್ಡ ಪರೀಕ್ಷೆಯಲ್ಲಿ 97 ವಯಸ್ಕರಿದ್ದರು; ಅಲ್ಲಿ ಕೊಟ್ಟ ಬಾಯಿಗೆ ಸಿಂಪಡಿಸುವ ಔಷಧದಲ್ಲೂ ಎರಡೂ ಅಂಶಗಳಿದ್ದವು. ಔಷಧ ಪಡೆದ 64 ಮಂದಿಯಲ್ಲಿ 14 ಮಂದಿಗೆ, ಹುಸಿಮದ್ದಿನ 33ರಲ್ಲಿ 3 ಮಂದಿಗೆ ಟಿಕ್‌ಗಳು ಕಾಲು ಭಾಗಕ್ಕಿಂತ ಕಡಿಮೆಯಿಲ್ಲದಂತೆ ತಗ್ಗಿದವು. ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ಆದರೂ ಆಕಸ್ಮಿಕವಲ್ಲ ಎಂದು ಖಚಿತವಾಗಿ ಹೇಳುವಷ್ಟು ದೊಡ್ಡದಲ್ಲ. ಪರೀಕ್ಷೆ ತಾನು ಹಾಕಿಕೊಂಡ ಗುರಿ ಮುಟ್ಟಲಿಲ್ಲ. ಸಿಬಿಡಿ ಪ್ರಧಾನವಾದ ಗಾಂಜಾವನ್ನು ಬೇರೆಯಾಗಿಟ್ಟು ಹೋಲಿಸಿದ್ದು ಟೊರಾಂಟೊದ ಒಂದು ಅಧ್ಯಯನ, 2022ರದು, 12 ವಯಸ್ಕರದು, ಆವಿಯಾಗಿ ಎಳೆದುಕೊಂಡ ಒಂದೊಂದೇ ಡೋಸಿನದು. ಅಲ್ಲಿ ಕೆಲವು ಅಳತೆಗಳಲ್ಲಿ ಸುಧಾರಣೆ ತೋರಿಸಿದ್ದು ಟಿಎಚ್‌ಸಿ ಹೆಚ್ಚಿದ್ದ ಬಗೆ. ಸಿಬಿಡಿ ಬಗೆಗೂ ಹುಸಿಮದ್ದಿಗೂ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಇದು ಪುಟ್ಟ ಅಧ್ಯಯನ, ಇದರಿಂದಲೇ ಸಿಬಿಡಿ ನಿಷ್ಪ್ರಯೋಜಕ ಎಂದು ಷರಾ ಬರೆಯಲಾಗದು. ಇದ್ದ ಚೂರುಪಾರು ಪುರಾವೆ ಯಾವ ಕಡೆ ಬೆರಳು ತೋರಿಸುತ್ತಿದೆ ಎಂಬುದಂತೂ ಸ್ಪಷ್ಟ. ಮಾರುವುದು ಅಮಲಿಲ್ಲದ ಅಂಶವನ್ನು, ತೋರಿಸುವುದು ಅಮಲಿನ ಅಂಶದ ಫಲಿತಾಂಶವನ್ನು. ಅದೂ ಮಕ್ಕಳದ್ದಲ್ಲ, ಹದಿನೆಂಟು ದಾಟಿದವರದ್ದು.

ಎರಡನೆಯ ಎರವಲು ಮೂರ್ಛೆರೋಗದಿಂದ ಬಂದದ್ದು. 2018ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಎಪಿಡಿಯೋಲೆಕ್ಸ್ ಎಂಬ ಶುದ್ಧ ಸಿಬಿಡಿ ದ್ರಾವಣಕ್ಕೆ ಒಪ್ಪಿಗೆ ಕೊಟ್ಟಿತು. ಡ್ರಾವೆ, ಲೆನಾಕ್ಸ್-ಗ್ಯಾಸ್ಟೊ ಎಂಬ ಎರಡು ಅಪರೂಪದ, ಭೀಕರವಾದ ಬಾಲ್ಯದ ಮೂರ್ಛೆರೋಗಗಳಲ್ಲಿ ಅದು ಫಿಟ್ಸ್ ಕಡಿಮೆ ಮಾಡುತ್ತದೆ ಎಂಬುದು ಸರಿಯಾದ ಪರೀಕ್ಷೆಗಳಲ್ಲಿ ಸಾಬೀತಾಗಿತ್ತು. ಇದು ನಿಜವಾದ ಸಾಧನೆ. ‘ಮಿದುಳಿನ ಕಾಯಿಲೆಯಿರುವ ಮಕ್ಕಳಿಗೆ ಕೊಡಲು ಸರ್ಕಾರವೇ ಒಪ್ಪಿದೆಯಲ್ಲ’ ಎಂಬ ಮಾತು ಇಲ್ಲಿಂದಲೇ ಹುಟ್ಟುತ್ತದೆ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಆ ಔಷಧದ ಸಾಮಾನ್ಯ ಪ್ರಮಾಣ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 20 ಮಿಲಿಗ್ರಾಂ. ನಲವತ್ತು ಕಿಲೋ ತೂಗುವ ಹನ್ನೆರಡರ ಹುಡುಗನಿಗೆ ಕಡಿಮೆಯೆಂದರೂ ದಿನಕ್ಕೆ 400 ಮಿಲಿಗ್ರಾಂ ಬೇಕು. ಮೇಲೆ ಹೇಳಿದ ಸಾವಿರ ಮಿಲಿಗ್ರಾಮಿನ ಸೀಸೆ ಎರಡೂವರೆ ದಿನದಲ್ಲಿ ಖಾಲಿ. ಅದೇ ಎಣ್ಣೆಯನ್ನು ಬೆಳಿಗ್ಗೆ ಸಂಜೆ ಐದೈದು ಹನಿಯಂತೆ ನಾಲಗೆಯ ಕೆಳಗೆ ಬಿಟ್ಟರೆ ಮಗುವಿಗೆ ಸೇರುವುದು ದಿನಕ್ಕೆ ಹದಿನೈದು ಇಪ್ಪತ್ತು ಮಿಲಿಗ್ರಾಂ. ಹಾಗಾದರೆ ಪ್ರಮಾಣ ಏರಿಸಿದರಾಯಿತಲ್ಲ ಎನ್ನುವಂತೆಯೂ ಇಲ್ಲ. ಮೂರ್ಛೆರೋಗದ ಆ ಪ್ರಮಾಣದಲ್ಲಿ ಯಕೃತ್ತಿನ ಕಿಣ್ವಗಳು ಏರುವುದುಂಟು, ಅದಕ್ಕೇ ರಕ್ತಪರೀಕ್ಷೆ ಕಡ್ಡಾಯ. ತೂಕಡಿಕೆ, ಭೇದಿ, ಹಸಿವಿಲ್ಲದಿರುವುದು ಬೇರೆ. ವ್ಯಾಲ್‌ಪ್ರೊಯೇಟ್ ಎಂಬ ಮೂರ್ಛೆರೋಗದ ಔಷಧ ತೆಗೆದುಕೊಳ್ಳುವವರಿಗೆ ಯಕೃತ್ತಿನ ಅಪಾಯ ಇನ್ನೂ ಹೆಚ್ಚು. ಕ್ಲೋಬಜಾಮ್, ಸಿಟಲೋಪ್ರಾಮ್‌ನಂಥ ಔಷಧಗಳ ಮಟ್ಟವನ್ನೂ ಸಿಬಿಡಿ ರಕ್ತದಲ್ಲಿ ಏರಿಸಬಲ್ಲದು. ಟುರೆಟ್ ಇರುವ ಬಹುಪಾಲು ಮಕ್ಕಳಿಗೆ ಗಮನದ ಕೊರತೆಯ ಸಮಸ್ಯೆಯೋ ಗೀಳು ಕಾಯಿಲೆಯೋ ಜೊತೆಗಿರುತ್ತದೆ, ಅದಕ್ಕೆ ಮಾತ್ರೆ ನಡೆಯುತ್ತಿರಬಹುದು ಎಂಬುದನ್ನು ನೆನಪಿಟ್ಟುಕೊಂಡು ಈ ಮಾತು ಓದಬೇಕು. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ, ಆರೋಗ್ಯವಂತ ವಯಸ್ಕರು ಆಹಾರದ ರೂಪದಲ್ಲಿ ದಿನಕ್ಕೆ 10 ಮಿಲಿಗ್ರಾಂಗಿಂತ ಹೆಚ್ಚು ಸಿಬಿಡಿ ತೆಗೆದುಕೊಳ್ಳಬಾರದೆಂದು ಸಲಹೆ ಮಾಡಿತು. ಅದಕ್ಕೆ ಮುಂಚೆ ಆ ಮಿತಿ 70 ಇತ್ತು. ಹತ್ತಕ್ಕೂ ನಾನೂರಕ್ಕೂ ನಡುವಿನ ಕಂದಕದಲ್ಲಿ ಟಿಕ್ ಇರುವ ಮಗುವಿಗೆ ಸರಿಯಾದ ಪ್ರಮಾಣ ಯಾವುದು ಎಂದು ಹೇಳುವ ಅಧಿಕಾರ ಮಾರುವವನಿಗೆ ಎಲ್ಲಿಂದ ಬಂತು?

ಇದೂ ಸೀಸೆಯ ಮೇಲೆ ಬರೆದದ್ದು ನಿಜವೆಂದು ಒಪ್ಪಿಕೊಂಡು ಆಡಿದ ಮಾತು. ಅಮೆರಿಕದಲ್ಲಿ ಆನ್‌ಲೈನ್ ಮಾರಾಟದ 84 ಸಿಬಿಡಿ ಉತ್ಪನ್ನಗಳನ್ನು ತರಿಸಿ ಪರೀಕ್ಷಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಲೇಬಲ್ಲಿನಲ್ಲಿದ್ದಷ್ಟೇ ಸಿಬಿಡಿ ಇದ್ದದ್ದು 26ರಲ್ಲಿ. ಟಿಎಚ್‌ಸಿ ಪತ್ತೆಯಾದದ್ದು 18ರಲ್ಲಿ. ನಮ್ಮಲ್ಲಿ ಗೊಂದಲ ಇನ್ನೊಂದು ಬಗೆಯದು. 1985ರ ಮಾದಕವಸ್ತು ತಡೆ (ಎನ್‌ಡಿಪಿಎಸ್) ಕಾಯ್ದೆ ಗಾಂಜಾ ಎಂದರೆ ಹೂತೆನೆ ಎಂದು ವಿವರಿಸಿ, ತೆನೆಯಿಲ್ಲದ ಬರೀ ಎಲೆಯನ್ನೂ ಬೀಜವನ್ನೂ ಹೊರಗಿಟ್ಟಿದೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಪ್ರಕರಣವೊಂದರಲ್ಲಿ ಎಲೆಯಿಂದ ಮಾಡುವ ಭಂಗಿಯ ಬಗ್ಗೆ ಹೇಳಿದ್ದೂ ಇದೇ ದಾರಿಯ ಮಾತು. ಎಲೆಯಿಂದ ತೆಗೆದ ಸಾರ ‘ವಿಜಯಾ’ ಎಂಬ ಆಯುರ್ವೇದದ ಹೆಸರಿನಲ್ಲಿ, ಆಯುಷ್ ಪರವಾನಗಿಯೊಂದಿಗೆ, ವೈದ್ಯರ ಆನ್‌ಲೈನ್ ಚೀಟಿಯ ಮೇಲೆ ಮನೆಬಾಗಿಲಿಗೆ ಬರುತ್ತದೆ. ಇನ್ನು 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೆಂಪ್, ಎಂದರೆ ಗಾಂಜಾ ಗಿಡದ ಬೀಜದ ಎಣ್ಣೆಯನ್ನು ಆಹಾರವೆಂದು ಒಪ್ಪಿದ ಮೇಲೆ ಅದೂ ಅಂಗಡಿಗೆ ಬಂದಿದೆ. ಅದರಲ್ಲಿ ಸಿಬಿಡಿ ಕಿಲೋಗೆ 75 ಮಿಲಿಗ್ರಾಂ ಮೀರುವಂತಿಲ್ಲ. ಎಂದರೆ ಒಂದು ಚಮಚ ಎಣ್ಣೆಯಲ್ಲಿ ಅರ್ಧ ಮಿಲಿಗ್ರಾಮೂ ಇಲ್ಲ. ಒಂದೇ ಎಲೆಯ ಚಿತ್ರ ಹೊತ್ತ ಎರಡು ಸೀಸೆಗಳಲ್ಲಿ ಒಂದು ಚಟ್ನಿಪುಡಿಗೆ ಕಲಸಿಕೊಳ್ಳಬಹುದಾದ ಎಣ್ಣೆ, ಇನ್ನೊಂದು ಎಲೆಸಾರ. ಆ ಎಲೆಸಾರದಲ್ಲಿ ಟಿಎಚ್‌ಸಿಯೂ ಇರಬಹುದು. ಇವೆರಡರ ನಡುವೆ ತಾಯಿಯೊಬ್ಬಳು ಹೇಗೆ ಆರಿಸಬೇಕು?

ನನ್ನ ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ನನಗೆ ಅತ್ಯಂತ ಗಂಭೀರವಾಗಿ ಕಾಣುವುದು ಇದು: ಈಗಿರುವ ಔಷಧಗಳೇನು ಅಮೃತವೇ? ಅಲ್ಲ. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಅರಿಪಿಪ್ರಜೋಲ್‌ಗಳು ಟಿಕ್ ತಗ್ಗಿಸುತ್ತವೆ; ಜೊತೆಗೆ ಮಗುವಿನ ತೂಕ ಏರಿಸುವುದು, ತರಗತಿಯಲ್ಲಿ ತೂಕಡಿಸುವಂತೆ ಮಾಡುವುದು, ಕೆಲವರಲ್ಲಿ ಮೈ ಬಿಗಿಯುವುದು, ಕೂತಲ್ಲಿ ಕೂರಲಾಗದ ಚಡಪಡಿಕೆ ತರುವುದೂ ಉಂಟು. ಇದನ್ನು ಕಣ್ಣಾರೆ ಕಂಡ ಹೆತ್ತವರು ಬೇರೆ ದಾರಿ ಹುಡುಕಿದರೆ ಅವರನ್ನು ಅವಿವೇಕಿಗಳೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಬೇರೆ ದಾರಿ ಈಗಾಗಲೇ ಇದೆ, ಅದನ್ನು ಅವರಿಗೆ ಯಾರೂ ತೋರಿಸುತ್ತಿಲ್ಲ ಎಂಬುದು ನನ್ನ ಸಿಟ್ಟಿನ ಮೂಲ. ಟಿಕ್ ಬರುವ ಮುಂಚೆ ಬಹುತೇಕರಿಗೆ ಮೈಯಲ್ಲಿ ಒಂದು ಸೂಚನೆ ಸಿಗುತ್ತದೆ: ಕತ್ತಿನಲ್ಲಿ ಸೆಳೆತ, ಗಂಟಲಲ್ಲಿ ಕೆರೆತ, ಸೀನು ಬರುವ ಮುನ್ನ ಮೂಗಿನಲ್ಲಿ ಆಗುವಂಥ ಒತ್ತಡ. ಆ ಸೂಚನೆಯನ್ನು ಗುರುತಿಸಲು ಮಗುವಿಗೆ ಕಲಿಸಿ, ಅದು ಬಂದಾಗ ಟಿಕ್ ಜೊತೆ ಏಕಕಾಲಕ್ಕೆ ಮಾಡಲಾಗದ ಇನ್ನೊಂದು ಚಲನೆಯನ್ನು ಅಭ್ಯಾಸ ಮಾಡಿಸುತ್ತಾರೆ. ಕತ್ತು ಕೊಡವುವ ಮಗು ಗದ್ದವನ್ನು ಮೆಲ್ಲಗೆ ಕೆಳಗಿಳಿಸಿ ಕತ್ತಿನ ಸ್ನಾಯು ಬಿಗಿಹಿಡಿದು, ಒತ್ತಡ ಕರಗುವವರೆಗೆ ಹಾಗೇ ಇರುತ್ತದೆ. ಗಂಟಲಿನ ಸದ್ದಿನ ಮಗು ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರು ಬಿಡುತ್ತದೆ. ಜೊತೆಗೆ ಯಾವ ಹೊತ್ತಿನಲ್ಲಿ, ಯಾರ ಮುಂದೆ ಟಿಕ್ ಹೆಚ್ಚುತ್ತದೆ ಎಂದು ನೋಡಿ ಮನೆಯಲ್ಲೂ ಶಾಲೆಯಲ್ಲೂ ಬದಲಾವಣೆ ಮಾಡುತ್ತಾರೆ. ಸಿಬಿಐಟಿ ಎಂದು ಕರೆಯುವ ಈ ಚಿಕಿತ್ಸೆಯನ್ನು 9ರಿಂದ 17 ವಯಸ್ಸಿನ 126 ಮಕ್ಕಳ ಮೇಲೆ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು: ಚಿಕಿತ್ಸೆ ಪಡೆದವರಲ್ಲಿ ಶೇ 52.5, ಬರೀ ತಿಳಿವಳಿಕೆ, ಧೈರ್ಯ ಪಡೆದವರಲ್ಲಿ ಶೇ 18.5 ಮಂದಿ ಸುಧಾರಿಸಿದರು. ಇದು ಮಕ್ಕಳ ಮೇಲೇ ಸಿಕ್ಕ ಪುರಾವೆ, ಟುರೆಟ್ ಮತ್ತು ಟಿಕ್‌ಗಳ ಮೇಲೇ ಸಿಕ್ಕ ಪುರಾವೆ. ಇದಕ್ಕೆ ಸೀಸೆ ಬೇಡ, ಯಕೃತ್ತಿನ ಭಯವಿಲ್ಲ. ಎಂಟು ಹತ್ತು ಬಾರಿ ಮಗುವಿನ ಜೊತೆ ಕೂರುವ ತರಬೇತಾದ ಮನುಷ್ಯ ಬೇಕು. ಅಂಥವರು ಬೆಂಗಳೂರಿನ ಆಚೆ ಸಿಗುವುದು ಕಷ್ಟ. ಎಣ್ಣೆ ಮಾತ್ರ ಯಾವ ಪಿನ್‌ಕೋಡಿಗಾದರೂ ಬರುತ್ತದೆ.

ಇನ್ನೊಂದು ಆಕ್ಷೇಪ, ನಿಷೇಧವೇ ಸಂಶೋಧನೆಯನ್ನು ಕಟ್ಟಿಹಾಕಿತು, ಪುರಾವೆ ಇಲ್ಲದಿರುವುದು ಗಿಡದ ತಪ್ಪಲ್ಲ ಎಂಬುದು. ಇದರಲ್ಲಿ ಸತ್ಯವಿದೆ. ದಶಕಗಳ ಕಾಲ ಗಾಂಜಾದ ಮೇಲೆ ಸಂಶೋಧನೆಗೆ ಅನುಮತಿ ಸಿಗುವುದೇ ದುಸ್ತರವಾಗಿತ್ತು. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ ಗಾಂಜಾವನ್ನು ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಿಂದ ತೆಗೆದಾಗ ಭಾರತ ಅದರ ಪರವಾಗಿ ಮತ ಹಾಕಿದ್ದು ಸರಿಯಾದ ನಿಲುವೇ. ಆದರೆ ಈ ವಾದ ನಮ್ಮನ್ನು ಒಯ್ಯಬೇಕಾದದ್ದು ಪರೀಕ್ಷೆಯ ಕಡೆಗೆ, ಮಾರಾಟದ ಕಡೆಗಲ್ಲ. ಶತಮಾನಗಳ ಬಳಕೆ ಇದೆಯಲ್ಲ ಎನ್ನುವವರಿಗೂ ನನ್ನ ಉತ್ತರ ಇದೇ. ಯಾದಗಿರಿ ಕಡೆಯ ಅವಧೂತ, ಆರೂಢ ಪರಂಪರೆಗಳಲ್ಲಿ ಗಾಂಜಾಕ್ಕೆ ಇರುವ ಸ್ಥಾನದ ಬಗ್ಗೆ ಗೌರವವಿಟ್ಟುಕೊಂಡೇ ಹೇಳಬಹುದು, ಬಲಿತ ಸಾಧಕನ ಧ್ಯಾನಕ್ಕೆ ಒದಗಿದ್ದು ಹತ್ತು ವರ್ಷದ ಮಗುವಿನ ಟಿಕ್‌ಗೆ ಒದಗುತ್ತದೆ ಎಂದು ಆ ಪರಂಪರೆಯೂ ಹೇಳಿಲ್ಲ.

ವಯಸ್ಕರ ವಿಷಯ ಬೇರೆ. ಔಷಧ, ತರಬೇತಿ ಎರಡೂ ಸೋತು, ಕತ್ತಿನ ಮೂಳೆಗೇ ಪೆಟ್ಟಾಗುವಷ್ಟು ಟಿಕ್ ಇರುವವರಿದ್ದಾರೆ. ಅಮೆರಿಕದ ನರವೈದ್ಯರ ಅಕಾಡೆಮಿ 2019ರಲ್ಲಿ ಹೇಳಿದ್ದು ಅಂಥವರ ಬಗ್ಗೆ: ಬೇರೆ ಚಿಕಿತ್ಸೆಗೆ ಬಗ್ಗದ ವಯಸ್ಕರಲ್ಲಿ, ಕಾನೂನು ಒಪ್ಪುವ ಕಡೆ, ಗಾಂಜಾ ಆಧಾರಿತ ಔಷಧವನ್ನು ವೈದ್ಯರು ಪರಿಗಣಿಸಬಹುದು, ಮಕ್ಕಳಿಗೆ, ಹದಿಹರೆಯದವರಿಗೆ ಬೇಡ. ನಾನು ಇದಕ್ಕಿಂತ ಕಠಿಣವಾದ ನಿಲುವನ್ನು ಕೇಳುತ್ತಿಲ್ಲ. ನಿಮ್ಹಾನ್ಸ್‌ನಂಥ ಸಂಸ್ಥೆ ಇಂಥ ವಯಸ್ಕರ ಮೇಲೆ ಸರಿಯಾದ ಪರೀಕ್ಷೆ ನಡೆಸಲು ಮುಂದಾದರೆ ಅನುಮತಿ ಬೇಗ ಸಿಗಬೇಕು. ವಿಜಯಾ ಸಾರದ ಪ್ರತಿ ಸೀಸೆಯ ಮೇಲೂ ಎಂಎಲ್‌ಗೆ ಎಷ್ಟು ಸಿಬಿಡಿ, ಎಷ್ಟು ಟಿಎಚ್‌ಸಿ ಎಂದು ಆಯಾ ಬ್ಯಾಚಿನ ಪ್ರಯೋಗಾಲಯದ ವರದಿಯೊಡನೆ ನಮೂದಿಸುವುದನ್ನು ಆಯುಷ್ ಇಲಾಖೆ ಕಡ್ಡಾಯ ಮಾಡಬೇಕು. ಟಿಕ್ ಗುಣವಾಗುತ್ತದೆ ಎಂದು ಯಾರಾದರೂ ಜಾಹೀರಾತು ಕೊಟ್ಟರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅವಕಾಶ ಇದೆ, ಅದನ್ನು ಬಳಸಬೇಕು. ಮತ್ತು ರಾಜ್ಯ ಸರ್ಕಾರ ಪ್ರತಿ ಜಿಲ್ಲಾ ಆಸ್ಪತ್ರೆಯ ಮನೋವಿಜ್ಞಾನಿಗೆ ಸಿಬಿಐಟಿ ತರಬೇತಿ ಕೊಡಿಸಬೇಕು. ಬೀದರಿನ ಮಗುವಿಗೂ ಚಾಮರಾಜನಗರದ ಮಗುವಿಗೂ ಆ ಎಂಟು ಹತ್ತು ಭೇಟಿ ಅವರವರ ಊರಿನ ಹತ್ತಿರವೇ ಸಿಗಬೇಕು. ಬರುವ ಆಯವ್ಯಯದಲ್ಲಿ ಇದಕ್ಕೆ ಒಂದು ಸಾಲು ಇದೆಯೇ ಎಂದು ನಮ್ಮ ಶಾಸಕರನ್ನು ಕೇಳೋಣ.