ಅಂಕಿ ಇಳಿದರೆ ಸಾಕೆ?

ರಕ್ತಪರೀಕ್ಷೆಯ ವರದಿ ಕೈಗೆ ಬಂದೊಡನೆ ಮನೆಮಂದಿಯೆಲ್ಲ ಮೊದಲು ನೋಡುವುದು ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಗಳನ್ನು. 150ರೊಳಗೆ ಇರಬೇಕಾದ ಟ್ರೈಗ್ಲಿಸರೈಡ್ 240 ಆಗಿದ್ದರೆ ಗಾಬರಿ; ಮಾತ್ರೆ ನುಂಗಿ ಅದು ಇಳಿದರೆ ನಿರಾಳ. ಈ ನಿರಾಳ ಎಷ್ಟರಮಟ್ಟಿಗೆ ಸರಿ?

ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಇಳಿಸಲು ಕೊಡುವ ಫೆನೊಫೈಬ್ರೇಟ್‌ನಂಥ ಮಾತ್ರೆಗಳು ಫೈಬ್ರೇಟ್ ವರ್ಗಕ್ಕೆ ಸೇರಿದವು. ಈ ವರ್ಗದ ಔಷಧಗಳು 1960ರ ದಶಕದಲ್ಲೇ ಬಳಕೆಗೆ ಬಂದವು. ಅವು ಕೆಲಸ ಮಾಡುವ ಗುಟ್ಟು ಬಯಲಾಗತೊಡಗಿದ್ದು ಮಾತ್ರ 1990ರಲ್ಲಿ, ಇಲಿಯ ಯಕೃತ್ತಿನಲ್ಲಿ ಪಿಪಿಎಆರ್-ಆಲ್ಫಾ ಎಂಬ ಗ್ರಾಹಕ ಪತ್ತೆಯಾದಾಗ. ಜೀವಕೋಶದ ಕೇಂದ್ರದಲ್ಲಿರುವ ಈ ಗ್ರಾಹಕ ನಮ್ಮಲ್ಲೂ ಇದೆ. ನಾವು ಉಪವಾಸವಿದ್ದಾಗ ಕೊಬ್ಬಿನ ಆಮ್ಲಗಳು ಇದನ್ನು ಎಚ್ಚರಿಸುತ್ತವೆ. ಆಗ ಕೆಲವು ವಂಶವಾಹಿಗಳು ಚುರುಕಾಗಿ, ಯಕೃತ್ತು ಕೊಬ್ಬನ್ನು ಉರಿಸಿ ಶಕ್ತಿ ಪಡೆಯುತ್ತದೆ. ಫೈಬ್ರೇಟ್ ಎಚ್ಚರಿಸುವುದೂ ಇದೇ ಗ್ರಾಹಕವನ್ನು. ರಕ್ತದಲ್ಲಿನ ಟ್ರೈಗ್ಲಿಸರೈಡನ್ನು ಒಡೆಯುವ ಕಿಣ್ವದ ಕೆಲಸ ಹೆಚ್ಚುತ್ತದೆ, ಅಂಕಿ ಇಳಿಯುತ್ತದೆ.

ಇಷ್ಟಾದ ಮೇಲೆ ಹೃದಯಾಘಾತವೂ ಕಡಿಮೆಯಾಗಬೇಕಲ್ಲವೇ? ಈ ಗ್ರಾಹಕಕ್ಕೇ ಗುರಿಯಿಟ್ಟು ರೂಪಿಸಿದ ಪೆಮಾಫೈಬ್ರೇಟ್ ಎಂಬ ಔಷಧವನ್ನು ಹತ್ತು ಸಾವಿರಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರಲ್ಲಿ ಪರೀಕ್ಷಿಸಲಾಯಿತು. ಅವರಲ್ಲಿ ಬಹುತೇಕರು ಸ್ಟ್ಯಾಟಿನ್ ಮಾತ್ರೆಯನ್ನೂ ಸೇವಿಸುತ್ತಿದ್ದರು. 2022ರಲ್ಲಿ ಫಲಿತಾಂಶ ಪ್ರಕಟವಾಯಿತು. ಟ್ರೈಗ್ಲಿಸರೈಡ್ ಸುಮಾರು ಕಾಲುಭಾಗ ಇಳಿದಿತ್ತು. ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಮಾತ್ರ ಕಡಿಮೆಯಾಗಿರಲಿಲ್ಲ.

ಹಾಗೆಂದು ಫೈಬ್ರೇಟ್ ನಿರುಪಯುಕ್ತವಲ್ಲ. ಟ್ರೈಗ್ಲಿಸರೈಡ್ 500 ದಾಟಿ ಏರುತ್ತ ಹೋದರೆ ಮೇದೋಜೀರಕ ಗ್ರಂಥಿ ಊದಿಕೊಂಡು ಜೀವಕ್ಕೇ ಸಂಚಕಾರ ಬರಬಹುದು. ಅಲ್ಲಿ ಇದು ಬೇಕಾದ ಔಷಧವೇ. ನನ್ನ ಆಕ್ಷೇಪವಿರುವುದು, ಅಂಕಿ ತುಸು ಏರಿದ ಮಾತ್ರಕ್ಕೆ ಮಾತ್ರೆ ಸೇರಿಸುವ, ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಅದನ್ನೇ ಕೊಳ್ಳುವ ಅಭ್ಯಾಸದ ಬಗ್ಗೆ.

ಅದಕ್ಕಿಂತ ಅಪಾಯದ್ದು, ಫೈಬ್ರೇಟ್ ಸಿಕ್ಕಿತೆಂದು ಸ್ಟ್ಯಾಟಿನ್ ಬಿಟ್ಟುಬಿಡುವುದು. ಸ್ಟ್ಯಾಟಿನ್‌ನ ದಾರಿಯೇ ಬೇರೆ. ಅದು ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಿಕೆಯನ್ನು ತಗ್ಗಿಸಿ, ರಕ್ತದಲ್ಲಿರುವ ಕೆಟ್ಟ ಕೊಲೆಸ್ಟರಾಲನ್ನು ಯಕೃತ್ತು ಹೆಚ್ಚಾಗಿ ಹೀರಿಕೊಳ್ಳುವಂತೆ ಮಾಡುತ್ತದೆ. ಹೃದಯಾಘಾತ ತಡೆಯುವುದೆಂದು ಮತ್ತೆ ಮತ್ತೆ ಸಾಬೀತಾಗಿರುವುದು ಅದೇ. ಇವೆರಡನ್ನೂ ಸ್ವಂತ ಬುದ್ಧಿಯಿಂದ ಒಟ್ಟಿಗೆ ನುಂಗುವುದೂ ಸಲ್ಲದು. ಜೆಮ್‌ಫೈಬ್ರೋಜಿಲ್ ಎಂಬ ಫೈಬ್ರೇಟ್ ಸ್ಟ್ಯಾಟಿನ್ ಜೊತೆ ಸೇರಿದರೆ ಸ್ನಾಯುಗಳು ಹಾಳಾಗಿ ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು.

ಟ್ರೈಗ್ಲಿಸರೈಡ್ ಏರಿದ್ದರೆ ಮೊದಲು ಕಾರಣ ಹುಡುಕಿ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಮದ್ಯ, ಸಿಹಿತಿಂಡಿ, ತಟ್ಟೆ ತುಂಬ ಅನ್ನ, ಬೊಜ್ಜು, ಥೈರಾಯ್ಡ್ ಕೊರತೆ ಇವುಗಳಲ್ಲಿ ಒಂದಾದರೂ ಸಾಮಾನ್ಯವಾಗಿ ಸಿಕ್ಕೀತು. ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ, 'ಈ ಮಾತ್ರೆ ಅಂಕಿ ಇಳಿಸುವುದಕ್ಕೋ, ಹೃದಯ ಕಾಯುವುದಕ್ಕೋ?' ಎಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.